ಮನಸ್ಸಿನ ಪಾಠಕ್ಕೆ ಬಾಯಿಪಾಠವೇ?

ಮಾರ್ಚ್ ಹತ್ತಿರ ಬಂದರೆ ಸಾಕು, ನಮ್ಮ ಶಾಲೆಯ ಜಗಲಿಗೆ ಹಳೆ ಮಕ್ಕಳು ಒಬ್ಬೊಬ್ಬರಾಗಿ ಬರತೊಡಗುತ್ತಾರೆ. ಹತ್ತನೆಯ ತರಗತಿಯವರೆಗೆ ನಮ್ಮಲ್ಲೇ ಕನ್ನಡ ಮಾಧ್ಯಮದಲ್ಲಿ ಕಲಿತವರು, ಈಗ ಪ್ಲಸ್ ಟು. ಸಯನ್ಸಿಗೆ ಮಾರ್ಕು ಸಾಲದೆಯೋ, ಕಾಮರ್ಸು ಬೇಡವೆನಿಸಿಯೋ ಹ್ಯುಮಾನಿಟೀಸ್ ಸೇರಿದವರು. ಅವರಲ್ಲಿ ಕೆಲವರಿಗೆ ಮನಃಶಾಸ್ತ್ರ ಒಂದು ವಿಷಯ. ಪೇಟೆಯ ಟ್ಯೂಷನ್ ಮುಗಿಸಿ, ಬಸ್ಸಿಳಿದು, ಮನೆಗೆ ಹೋಗುವ ಮೊದಲು ಇಲ್ಲಿಗೊಂದು ಸುತ್ತು. "ಸರ್, ಇದೊಂದು ಸ್ವಲ್ಪ ಹೇಳಿಕೊಡ್ತೀರಾ?" ಎಂದು ಚೀಲಕ್ಕೆ ಕೈ ಹಾಕುತ್ತಾರೆ. ಹೊರಗೆ ಬರುವುದು ಪಾಠಪುಸ್ತಕವಲ್ಲ, ಜೆರಾಕ್ಸ್ ಮಾಡಿಸಿದ ನೋಟ್ಸು. ಯಾರೋ ಬರೆದದ್ದನ್ನು ಯಾರೋ ಟೈಪು ಮಾಡಿ, ವಾಟ್ಸಾಪಿನಲ್ಲಿ ಊರೆಲ್ಲ ತಿರುಗಿ, ಕೊನೆಗೆ ಅಂಗಡಿಯಲ್ಲಿ ಪ್ರಿಂಟಾಗಿ ಇವರ ಕೈ ಸೇರಿದ್ದು.

ಹೋದ ವರ್ಷ ಹಾಗೆ ಬಂದ ಹುಡುಗಿಯೊಬ್ಬಳು ಕಲಿಕೆಯ ಅಧ್ಯಾಯ ತೆಗೆದಳು. 'ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್' ಅಂದರೆ ಏನು ಎಂದು ಕೇಳಿದೆವು. ಎರಡು ಸಾಲಿನ ಇಂಗ್ಲಿಷ್ ವ್ಯಾಖ್ಯೆಯನ್ನು ಒಂದೇ ಉಸಿರಿಗೆ ಒಪ್ಪಿಸಿದಳು. ಒಂದು ಅಕ್ಷರವೂ ತಪ್ಪಲಿಲ್ಲ.

"ಸರಿ, ಹಾಗೆಂದರೆ ಎಂತ?"

"ಎಂತದು ಅಂತ ಗೊತ್ತಿಲ್ಲ ಸರ್. ಆದರೆ ನನಗೆ ಬರ್ತದೆ."

ಮಾದರಿ ಪರೀಕ್ಷೆಯಲ್ಲಿ ಅದಕ್ಕೆ ಉದಾಹರಣೆ ಕೊಡಲು ಹೇಳಿದ್ದರಂತೆ. ಇವಳು 'ಮಾಷ್ಟ್ರು ಬೆತ್ತದಲ್ಲಿ ಹೊಡೆಯುವುದು' ಎಂದು ಬರೆದು ಸೊನ್ನೆ ತಂದಿದ್ದಳು. ನೆಗೆಟಿವ್ ಅಂದಮೇಲೆ ಅದು ಶಿಕ್ಷೆಯೇ ಇರಬೇಕಲ್ಲ! ಪಾಪ, ಅವಳ ತರ್ಕದಲ್ಲಿ ತಪ್ಪೇನಿದೆ? ನಾವು ಪುಸ್ತಕ ಮುಚ್ಚಿಟ್ಟು ಬೇರೆ ಮಾತು ತೆಗೆದೆವು.

"ಸಂಜೆ ನಿಮ್ಮ ಹಟ್ಟಿಯಲ್ಲಿ ಹೊಗೆ ಹಾಕುತ್ತಾರಲ್ಲ, ಯಾಕೆ?"

"ಸೊಳ್ಳೆಗೆ. ದನಕ್ಕೆ ಕಚ್ತದೆ."

"ಹೊಗೆ ಹಾಕಿದರೆ?"

"ಸೊಳ್ಳೆ ಹೋಗ್ತದೆ."

"ನಾಳೆ ಸಂಜೆ?"

"ನಾಳೆಯೂ ಹಾಕ್ತೇವೆ."

"ಸೊಳ್ಳೆ ಹೋಗದೇ ಇದ್ದಿದ್ದರೆ ನಾಳೆ ಹಾಕುತ್ತಿದ್ದಿರಾ?"

"ಇಲ್ಲ. ಮತ್ತೆ ಯಾಕೆ ಹಾಕುವುದು?"

"ಒಂದು ಉಪದ್ರ ತೊಲಗಿತು, ಹಾಗಾಗಿ ಆ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತೀರಿ. ನೀನು ಕೇಳಿದ್ದು ಇದೇ. ಶಿಕ್ಷೆಯಿಂದ ಒಂದು ವರ್ತನೆ ಕಡಿಮೆಯಾಗುತ್ತದೆ. ಇದರಿಂದ ಹೆಚ್ಚಾಗುತ್ತದೆ."

ಹುಡುಗಿ ನೋಟ್ಸನ್ನೊಮ್ಮೆ ನೋಡಿದಳು, ನಮ್ಮನ್ನೊಮ್ಮೆ ನೋಡಿದಳು. "ಇಷ್ಟೆಯಾ?" ಅಂದಳು. ಆ ಮಾತಿನಲ್ಲಿ ಸಂತೋಷಕ್ಕಿಂತ ಹೆಚ್ಚು ಸಿಟ್ಟಿತ್ತು. ಇಷ್ಟು ದಿನ ಯಾರೂ ಇದನ್ನು ಹೇಳಲಿಲ್ಲವಲ್ಲ ಎಂಬ ಸಿಟ್ಟು. ಅದು ನ್ಯಾಯವಾದ ಸಿಟ್ಟು. ಈ ಬರಹ ಆ ಸಿಟ್ಟಿನ ಪರವಾಗಿ.

ನಮ್ಮ ವಾದ ಇಷ್ಟೆ. ಮನುಷ್ಯ ಹೇಗೆ ಕಲಿಯುತ್ತಾನೆ, ಹೇಗೆ ನೆನಪಿಡುತ್ತಾನೆ, ಯಾಕೆ ಮರೆಯುತ್ತಾನೆ ಎಂಬುದನ್ನೇ ಪಾಠವಾಗಿಟ್ಟುಕೊಂಡ ಒಂದು ವಿಷಯದ ಪರೀಕ್ಷೆಗೆ, ಆ ಪಾಠ ಹೇಳುವುದಕ್ಕೆ ನೇರ ವಿರುದ್ಧವಾದ ದಾರಿಯಲ್ಲಿ ಮಕ್ಕಳನ್ನು ತಯಾರು ಮಾಡುತ್ತಿದ್ದೇವೆ. ಕಾಸರಗೋಡಿನ ಕನ್ನಡದ ಮಗುವಿಗೆ ಈ ಅನ್ಯಾಯ ದುಪ್ಪಟ್ಟು. ಏಕೆಂದರೆ ಪ್ಲಸ್ ವನ್ ಬಾಗಿಲಲ್ಲಿ "ನಿನ್ನ ಕನ್ನಡವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಬಾ" ಎಂದು ನಾವೇ ಹೇಳಿ ಕಳಿಸುತ್ತಿದ್ದೇವೆ. ಹಾಗೆ ಹೇಳಿದವರು ಸರಕಾರ ಮಾತ್ರ ಅಂದುಕೊಂಡು ಕೂರಬೇಡಿ. ಅಪ್ಪ ಅಮ್ಮ ಹೇಳಿದರು, ಟ್ಯೂಷನಿನವರು ಹೇಳಿದರು, ನಾವು ಕನ್ನಡದ ಅಧ್ಯಾಪಕರೂ ಹೇಳಿದೆವು.

ಪ್ರಶ್ನೆಪತ್ರಿಕೆ, ಪಾಠಪುಸ್ತಕ ಯಾವ ಭಾಷೆಯಲ್ಲಿ ಅಚ್ಚಾಗಬೇಕು ಎಂಬ ಹೋರಾಟ ಬೇರೆ ಇದೆ. ಅದು ನಡೆಯಲಿ, ನಾವೂ ಅದರಲ್ಲಿದ್ದೇವೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಆಗಬೇಕೆಂದು ಹೇಳುತ್ತದೆ. ಆದರೆ ಹೇಳುವುದು ಪ್ರಾಥಮಿಕ ಹಂತದ ಬಗ್ಗೆ ಮಾತ್ರ. ಅದರಾಚೆಗೆ ಸಿಕ್ಕಿದ್ದೆಲ್ಲ ಕೇಳಿ, ಕಾಡಿ, ಬೇಡಿ ಪಡೆದದ್ದು. ಅದಿರಲಿ. ನಾಡಿದ್ದಿನ ಪರೀಕ್ಷೆಗೆ ಕೂರುವ ಮಗು ಆ ಹೋರಾಟ ಗೆಲ್ಲುವವರೆಗೆ ಕಾಯಲಾರದು. ಅದಕ್ಕೆ ಇವತ್ತೇ ಏನು ಮಾಡಬಹುದು ಎಂಬುದು ಇಲ್ಲಿನ ಮಾತು.

ಮೊದಲು ಸ್ಮೃತಿಯ ಪಾಠವನ್ನೇ ತೆಗೆದುಕೊಳ್ಳಿ. ಅಲ್ಲಿ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸರ ಹೆಸರು ಬರುತ್ತದೆ. 1885ರಲ್ಲಿ ಅವರು ಒಂದು ಪುಸ್ತಕ ಪ್ರಕಟಿಸಿದರು. ಪ್ರಯೋಗಕ್ಕೆ ಬೇರೆ ಯಾರನ್ನೂ ಕರೆಯಲಿಲ್ಲ, ತಮ್ಮ ಮೇಲೆಯೇ ಮಾಡಿಕೊಂಡರು. ಅರ್ಥವೇ ಇಲ್ಲದ ಅಕ್ಷರಗುಚ್ಛಗಳ ಪಟ್ಟಿ ಮಾಡಿ ಬಾಯಿಪಾಠ ಮಾಡುವುದು, ಸ್ವಲ್ಪ ಸಮಯ ಬಿಟ್ಟು ಅದನ್ನೇ ಮತ್ತೆ ಕಲಿಯುವುದು, ಎರಡನೇ ಸಲ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕ ಹಾಕುವುದು. ಒಂದು ಗಂಟೆ ಬಿಟ್ಟು ನೋಡಿದಾಗ ಉಳಿತಾಯ ಸುಮಾರು 44 ಶೇಕಡ. ಒಂದು ದಿನ ಬಿಟ್ಟರೆ 34. ಒಂದು ತಿಂಗಳು ಬಿಟ್ಟರೆ 21. ಮರೆವು ಮೊದಲ ಗಂಟೆಯಲ್ಲೇ ಹೆಬ್ಬಾಗಿಲಿನಿಂದ ನುಗ್ಗುತ್ತದೆ, ಆಮೇಲೆ ಕಿಟಕಿಯಿಂದ ಮೆಲ್ಲಗೆ ಬರುತ್ತದೆ.

ನಮ್ಮ ಮಕ್ಕಳು ಈ ಪ್ರಯೋಗವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತಾರೆ! ವ್ಯಂಗ್ಯ ಕಂಡಿತೇ? ಎಬ್ಬಿಂಗ್‌ಹೌಸ್ ಬೇಕೆಂದೇ ಅರ್ಥವಿಲ್ಲದ್ದನ್ನು ಆರಿಸಿದರು, ಹಳೆಯ ಪರಿಚಯ ಯಾವುದೂ ನೆನಪಿಗೆ ಸಹಾಯಕ್ಕೆ ಬರಬಾರದೆಂದು. ನಾವಾದರೋ ಅರ್ಥವಿರುವ ವಾಕ್ಯಗಳನ್ನೇ ತೆಗೆದುಕೊಂಡು, ಅದರ ಅರ್ಥವನ್ನು ಹಿಂಡಿ ತೆಗೆದು, ಬರೇ ಸಿಪ್ಪೆಯನ್ನು ಅಕ್ಷರಗುಚ್ಛವಾಗಿ ಮಕ್ಕಳ ಕೈಗೆ ಕೊಡುತ್ತಿದ್ದೇವೆ. ಆಮೇಲೆ "ರಾತ್ರಿ ಓದಿದ್ದು ಬೆಳಗ್ಗೆ ಮರೆತುಹೋಗುತ್ತದೆ" ಎಂದು ಮಗು ಅತ್ತರೆ "ನಿನಗೆ ಏಕಾಗ್ರತೆ ಸಾಲದು" ಎಂದು ಬೈಯುತ್ತೇವೆ. ಮಗುವಿನ ನೆನಪು ಸರಿಯಾಗಿಯೇ ಕೆಲಸ ಮಾಡುತ್ತಿದೆ ಮಾರಾಯ್ರೇ. 1885ರಲ್ಲಿ ಎಬ್ಬಿಂಗ್‌ಹೌಸರ ನೆನಪು ಹೇಗೆ ಮಾಡಿತ್ತೋ ಹಾಗೆಯೇ.

ಅದೇ ಅಧ್ಯಾಯದಲ್ಲಿ ಕ್ರೇಕ್ ಮತ್ತು ಲಾಕ್‌ಹಾರ್ಟ್ ಇದ್ದಾರೆ, 1972. ಒಂದು ಪದದ ಅಕ್ಷರವನ್ನಷ್ಟೇ ನೋಡಿದರೆ ಅದು ಮೇಲುಮೇಲಿನ ಕೆಲಸ. ಅದರ ಸದ್ದನ್ನು ಗಮನಿಸಿದರೆ ಸ್ವಲ್ಪ ಆಳ. ಅರ್ಥವನ್ನು ತೂಗಿ ನೋಡಿದರೆ ಇನ್ನೂ ಆಳ. ಆಳಕ್ಕೆ ಇಳಿದದ್ದು ಹೆಚ್ಚು ಕಾಲ ಉಳಿಯುತ್ತದೆ ಎಂದು ಅವರು ಹೇಳಿದರು. ಈಗ ಹೇಳಿ, ಹದಿನಾರು ಹದಿನೇಳು ವರ್ಷದ ನಮ್ಮ ಹುಡುಗ ಆಳಕ್ಕೆ ಇಳಿಯಬೇಕಾದರೆ ಯಾವ ಭಾಷೆಯ ಹಗ್ಗ ಹಿಡಿದು ಇಳಿಯಬೇಕು? ಹತ್ತು ವರ್ಷ ಅವನು ಯೋಚಿಸಿದ ಭಾಷೆಯಲ್ಲೋ, ಈಗಷ್ಟೇ ಕೈಗೆ ಕೊಟ್ಟ ಭಾಷೆಯಲ್ಲೋ? ಮನೆಯಲ್ಲಿ ಅವನದು ತುಳುವಿರಬಹುದು, ಹವ್ಯಕವಿರಬಹುದು, ಮರಾಠಿ, ಕೊಂಕಣಿ, ಬ್ಯಾರಿ ಇರಬಹುದು. ಓದಿನ ಭಾಷೆ, ಲೆಕ್ಕದ ಭಾಷೆ, ಕಾರಣ ಹುಡುಕುವ ಭಾಷೆ ಕನ್ನಡ. ಆ ಹಗ್ಗವನ್ನು ಕಡಿದು "ಇಳಿ ಇಳಿ" ಎಂದು ಮೇಲಿನಿಂದ ಕೂಗಿದರೆ ಏನಾದೀತು?

ಇನ್ನೊಬ್ಬರು ಬಾರ್ಟ್‌ಲೆಟ್. ಅವರ ಪುಸ್ತಕ ಬಂದದ್ದು 1932ರಲ್ಲಿ. ಅಮೆರಿಕದ ಮೂಲನಿವಾಸಿಗಳ ಒಂದು ಕಥೆಯನ್ನು ಇಂಗ್ಲೆಂಡಿನವರಿಗೆ ಓದಲು ಕೊಟ್ಟು, ಆಮೇಲೆ ಹೇಳಿಸಿದರು. ಹೇಳುತ್ತ ಹೇಳುತ್ತ ಕಥೆ ಬದಲಾಯಿತು. ಆ ಜನರ ತೋಣಿ ಇವರ ಬಾಯಿಯಲ್ಲಿ ಮಾಮೂಲು ದೋಣಿಯಾಯಿತು, ಸೀಲ್ ಬೇಟೆ ಮೀನು ಹಿಡಿಯುವುದಾಯಿತು. ನಾವು ಕೇಳಿದ್ದನ್ನು ಇದ್ದಕ್ಕಿದ್ದ ಹಾಗೆ ಪೆಟ್ಟಿಗೆಯಲ್ಲಿ ಇಡುವುದಿಲ್ಲ. ನಮ್ಮಲ್ಲಿ ಮೊದಲೇ ಇರುವ ತಿಳಿವಳಿಕೆಯ ಚೌಕಟ್ಟಿಗೆ ಹೊಂದಿಸಿ ಇಡುತ್ತೇವೆ. ಹೊಸತು ನಿಲ್ಲಬೇಕಾದರೆ ಹಳತರ ಆಸರೆ ಬೇಕು, ಕಾಳುಮೆಣಸಿನ ಬಳ್ಳಿಗೆ ಅಡಿಕೆ ಮರ ಬೇಕಾದ ಹಾಗೆ. ನಮ್ಮ ಮಗುವಿನ ಹಳತೆಲ್ಲ ಕನ್ನಡದಲ್ಲಿದೆ. ಮರವನ್ನೇ ಕಡಿದ ಮೇಲೆ ಬಳ್ಳಿ ನೆಲದಲ್ಲಿ ಹರಡಿ ಕೊಳೆಯದೆ ಇನ್ನೇನು ಮಾಡೀತು?

"ಅದೆಲ್ಲ ಸರಿ ಮಾಷ್ಟ್ರೇ, ಆದರೆ ಪರೀಕ್ಷೆ ಬರೆಯುವುದು ಇಂಗ್ಲಿಷಿನಲ್ಲಲ್ವಾ? ಕನ್ನಡದಲ್ಲಿ ಅರ್ಥ ಮಾಡಿಕೊಂಡು ಯಾರಿಗೆ ಹೇಳುವುದು?" ಇದು ಹೆತ್ತವರು ಕೇಳುವ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಇದನ್ನು ತೇಲಿಸಿ ಬಿಡುವುದಿಲ್ಲ. ಮನಃಶಾಸ್ತ್ರವೇ ಇದಕ್ಕೆ ಉತ್ತರ ಕೊಟ್ಟಿದೆ. 1975ರಲ್ಲಿ ಗಾಡನ್ ಮತ್ತು ಬ್ಯಾಡ್‌ಲಿ ಎಂಬವರು ನೀರಿನಲ್ಲಿ ಮುಳುಗುವವರ ಮೇಲೆ ಒಂದು ಪ್ರಯೋಗ ಮಾಡಿದರು. ನೀರಿನೊಳಗೆ ಕಲಿತ ಪದಗಳು ನೀರಿನೊಳಗೇ ಹೆಚ್ಚು ನೆನಪಾದವು, ದಡದಲ್ಲಿ ಕಲಿತವು ದಡದಲ್ಲಿ. ಅಂದರೆ ಎಲ್ಲಿ, ಹೇಗೆ ನೆನಪಿಸಿಕೊಳ್ಳಬೇಕೋ ಅಲ್ಲೇ, ಹಾಗೆಯೇ ಅಭ್ಯಾಸವೂ ಬೇಕು. ಇಂಗ್ಲಿಷಿನಲ್ಲಿ ಬರೆಯಬೇಕಾದವನು ಇಂಗ್ಲಿಷಿನಲ್ಲಿ ಬರೆದು ಅಭ್ಯಾಸ ಮಾಡಲೇಬೇಕು. ಅದರಲ್ಲಿ ನಮಗೆ ತಕರಾರಿಲ್ಲ. ನಮ್ಮ ತಕರಾರು ಕ್ರಮದ ಬಗ್ಗೆ. ಮೊದಲು ತಿಳಿಯಬೇಕು, ಅದು ತಿಳಿಯುವ ಭಾಷೆಯಲ್ಲಿ. ಆಮೇಲೆ ಬರೆಯಬೇಕು, ಬರೆಯಬೇಕಾದ ಭಾಷೆಯಲ್ಲಿ. ಮೊದಲ ಮೆಟ್ಟಿಲು ಬಿಟ್ಟು ಎರಡನೆಯದಕ್ಕೆ ಹಾರಿಸಿದ್ದರಿಂದಲೇ ಆ ಹುಡುಗಿಯ ಉತ್ತರಪತ್ರಿಕೆಯಲ್ಲಿ ಬೆತ್ತ ಬಂದದ್ದು.

ಹೆತ್ತವರಿಗೆ ಇಷ್ಟು ಹೇಳಿದ ಮೇಲೆ ನಮ್ಮ ಕನ್ನಡಾಭಿಮಾನಿ ಗೆಳೆಯರಿಗೂ ಎರಡು ಮಾತು ಹೇಳಬೇಕು. ಬೇಸರ ಮಾಡಿಕೊಳ್ಳಬೇಡಿ. ಕನ್ನಡದಲ್ಲಿ ಕಲಿಸುವುದೆಂದರೆ ಇಂಗ್ಲಿಷ್ ಪದ ಕಿತ್ತು ಅಲ್ಲಿ 'ಅಭಿಜಾತ ಅನುಬಂಧನ', 'ಋಣಾತ್ಮಕ ಪುನರ್ಬಲನ' ಎಂದು ನೆಡುವುದು ಅಂದುಕೊಂಡಿರಾ? ಆ ಪದಗಳು ಬೇಕು, ಶಾಸ್ತ್ರ ಬರೆಯುವವರಿಗೆ ಖಂಡಿತ ಬೇಕು. ಆದರೆ ಅರ್ಥವಾಗದ ಇಂಗ್ಲಿಷ್ ಪದದ ಬದಲು ಅರ್ಥವಾಗದ ಸಂಸ್ಕೃತ ಪದ ಬಾಯಿಪಾಠ ಮಾಡಿಸಿದರೆ ಮಗುವಿನ ಪಾಲಿಗೆ ಬದಲಾದದ್ದು ಸದ್ದು ಮಾತ್ರ. ನಾವು ಹೇಳುವ ಕನ್ನಡ ಹಟ್ಟಿಯ ಹೊಗೆಯ ಕನ್ನಡ. ಪಾವ್ಲೋವರ ನಾಯಿಗೆ ಗಂಟೆಯ ಸದ್ದು ಕೇಳಿದರೆ ಬಾಯಲ್ಲಿ ನೀರೂರುತ್ತಿತ್ತು ಎನ್ನುವಾಗ, ಶಾಲೆಯ ಊಟದ ಬೆಲ್ಲು ಹೊಡೆದಾಗ ನಿನ್ನ ಹೊಟ್ಟೆ ಏನು ಮಾಡುತ್ತದೆ ಎಂದು ಕೇಳುವ ಕನ್ನಡ. ಅಲ್ಲಿಂದ ಹೊರಟರೆ ಅನುಬಂಧನವೂ ಅರ್ಥವಾಗುತ್ತದೆ, ಕಂಡೀಷನಿಂಗೂ ಅರ್ಥವಾಗುತ್ತದೆ.

ಕನ್ನಡಕ್ಕೆ ಮನಃಶಾಸ್ತ್ರ ನಿನ್ನೆ ಮೊನ್ನೆ ಬಂದ ನೆಂಟನೂ ಅಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಶುರುವಾಯಿತು. ಅದನ್ನು ಕಟ್ಟಿದವರು ಡಾ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ರೇಡಿಯೋ ಕೇಂದ್ರ ಶುರುಮಾಡಿ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬರಲು ಕಾರಣರಾದವರೂ ಅವರೇ. ಹಾಸ್ಯಕ್ಕೆ 'ರಾಶಿ' ಎಂದು ಹೆಸರಾದ, 'ಕೊರವಂಜಿ' ಪತ್ರಿಕೆಯ ಡಾ. ಎಂ. ಶಿವರಾಂ ಮನಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಸಾಮಾನ್ಯ ಓದುಗರಿಗಾಗಿ ಕನ್ನಡದಲ್ಲಿ ರಾಶಿ ರಾಶಿ ಪುಸ್ತಕ ಬರೆದಿದ್ದಾರೆ. ತಲಪಾಡಿ ದಾಟಿದರೆ ಪಿಯುಸಿಯಲ್ಲಿ ಇದೇ ವಿಷಯವನ್ನು ಕನ್ನಡದಲ್ಲೇ ಓದಿ ಬರೆಯುವ ಮಕ್ಕಳಿದ್ದಾರೆ. ಈ ಪುಸ್ತಕಗಳು ನಮ್ಮ ಮಕ್ಕಳ ಕೈಗೆ ಬಂದಿಲ್ಲವಾದರೆ ಅದು ಕನ್ನಡದ ಬಡತನವಲ್ಲ. ನಮ್ಮ ಸೋಮಾರಿತನ.

ಮೂರನೆಯ ಮಾತು ನಮಗೇ. ಬಿ.ಎಡ್ ಆದ, ಟಿ.ಟಿ.ಸಿ. ಆದ ನಾವೆಲ್ಲ ಶಿಕ್ಷಣ ಮನಃಶಾಸ್ತ್ರ ಎಂಬ ಪೇಪರು ಪಾಸು ಮಾಡಿಯೇ ಬಂದವರು. ಪಾವ್ಲೋವ್, ಸ್ಕಿನ್ನರ್, ಪಿಯಾಜೆ, ವೈಗಾಟ್‌ಸ್ಕಿ ಯಾರು ಎಂದರೆ ನಿದ್ದೆಯಲ್ಲೂ ಹೇಳಿಯೇವು. ಹೇಗೆ ಪಾಸು ಮಾಡಿದೆವು? ಬಾಯಿಪಾಠ ಮಾಡಿ! ಕ್ಲಾಸಿಗೆ ಬಂದ ಮೇಲೆ ಅದರಲ್ಲಿ ಒಂದು ಸಾಲನ್ನಾದರೂ ಬಳಸಿದ್ದೇವೆಯೇ? "ಈ ಹತ್ತು ಪ್ರಶ್ನೆ ಗ್ಯಾರಂಟಿ, ಇಷ್ಟು ಮಾಡಿಕೊಳ್ಳಿ" ಎಂದು ಕೊನೆಯ ವಾರ ಪಟ್ಟಿ ಕೊಡುವವರು ನಾವೇ ತಾನೆ? ಟ್ಯೂಷನಿನವರನ್ನು ಬೈಯುವ ಮೊದಲು ಕನ್ನಡಿ ನೋಡಿಕೊಳ್ಳಬೇಕು. ಅವರು ನಮ್ಮ ಅಂಗಡಿಯ ಸಾಮಾನನ್ನೇ ಇನ್ನೂ ದೊಡ್ಡ ಬೋರ್ಡು ಹಾಕಿ ಮಾರುತ್ತಿದ್ದಾರೆ, ಅಷ್ಟೆ.

ಹಾಗಾದರೆ ಮಾಡಬೇಕಾದ್ದೇನು? ಜಗಲಿಯಲ್ಲಿ ಕೂತು ನಾವು ಮೂರು ನಾಲ್ಕು ಮಂದಿ ಮಾಡಿ ನೋಡಿದ್ದನ್ನು ಹೇಳುತ್ತೇವೆ.

ಒಂದು ಅಧ್ಯಾಯ ತೆಗೆದುಕೊಂಡರೆ ಮೊದಲ ದಿನ ಬರೇ ಮಾತು, ಕನ್ನಡದಲ್ಲಿ. ಮಗು ತನ್ನ ಮನೆಯಿಂದ, ಬಸ್ಸಿನಿಂದ, ಆಟದ ಬಯಲಿನಿಂದ ಒಂದೊಂದು ಉದಾಹರಣೆ ತರಬೇಕು. ಎರಡನೆಯ ದಿನ ನೋಟ್‌ಪುಸ್ತಕದಲ್ಲಿ ಮೂರು ಕಲಂ. ಮೊದಲನೆಯದರಲ್ಲಿ ಇಂಗ್ಲಿಷ್ ಪದ, ಅದನ್ನು ತಪ್ಪಿಲ್ಲದೆ ಬರೆಯಲು ಕಲಿಯಲೇಬೇಕು. ಎರಡನೆಯದರಲ್ಲಿ ಅದು ಏನೆಂದು ತನ್ನದೇ ಮಾತಿನಲ್ಲಿ. ಮೂರನೆಯದರಲ್ಲಿ ತನ್ನದೇ ಉದಾಹರಣೆ. ನೋಟ್ಸಿನ ಉದಾಹರಣೆ ಅಲ್ಲಿ ಬರೆಯುವ ಹಾಗಿಲ್ಲ. ಮೂರನೆಯ ಕಲಂ ಖಾಲಿ ಉಳಿಯಿತೆಂದರೆ ಆ ಪದ ಇನ್ನೂ ತಿಳಿದಿಲ್ಲ ಎಂದು ಮಗುವಿಗೇ ಗೊತ್ತಾಗುತ್ತದೆ. ಬೇರೆ ಯಾರೂ ಮಾರ್ಕು ಹಾಕಬೇಕೆಂದಿಲ್ಲ.

ಆಮೇಲೆ ಪುಸ್ತಕ ಮುಚ್ಚಿಟ್ಟು ಬರೆಯುವುದು. ಇದು ಬಹಳ ಮುಖ್ಯ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಅಮೆರಿಕದ ವಿದ್ಯಾರ್ಥಿಗಳಿಗೆ ಗದ್ಯಭಾಗಗಳನ್ನು ಕೊಟ್ಟರು. ಕೆಲವನ್ನು ಎರಡು ಸಲ ಓದಿಸಿದರು. ಕೆಲವನ್ನು ಒಂದು ಸಲ ಓದಿಸಿ, ಆಮೇಲೆ ನೋಡದೆ ನೆನಪಿಸಿಕೊಂಡು ಬರೆಸಿದರು. ಐದು ನಿಮಿಷದ ಬಳಿಕ ಕೇಳಿದರೆ ಎರಡು ಸಲ ಓದಿದ್ದೇ ಮುಂದು. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗಿಬಿತ್ತು. ಬರೆದು ನೋಡಿದ್ದರಲ್ಲಿ 56 ಶೇಕಡ ನೆನಪಿತ್ತು, ಓದಿ ಓದಿ ಮಾಡಿದ್ದರಲ್ಲಿ 42. ಮತ್ತೆ ಮತ್ತೆ ಓದುವುದರಿಂದ "ಇದು ನನಗೆ ಬರ್ತದೆ" ಎಂಬ ಧೈರ್ಯ ಬರುತ್ತದೆ, ವಿಷಯ ಬರುವುದಿಲ್ಲ. ಹಳದಿ ಪೆನ್ನಿನಲ್ಲಿ ಗೆರೆ ಎಳೆದು ಎಳೆದು ಇಡೀ ಪುಟ ಅರಶಿನ ಮಾಡುವ ಮಕ್ಕಳು ಇದನ್ನು ಓದಬೇಕು. ಮುಚ್ಚಿ ಬರೆ, ತೆರೆದು ನೋಡು, ತಪ್ಪು ತಿದ್ದು. ಎರಡು ದಿನ ಬಿಟ್ಟು ಮತ್ತೊಮ್ಮೆ, ವಾರ ಬಿಟ್ಟು ಇನ್ನೊಮ್ಮೆ. ಒಂದೇ ರಾತ್ರಿ ನಾಲ್ಕು ಗಂಟೆ ಕೂರುವುದಕ್ಕಿಂತ ನಾಲ್ಕು ದಿನ ಒಂದೊಂದು ಗಂಟೆ ಮೇಲು.

ನಮ್ಮ ನೆಲದವರಿಗೆ ಇದನ್ನು ಅಮೆರಿಕದವರು ಹೇಳಿಕೊಡಬೇಕಾಗಿಯೂ ಇರಲಿಲ್ಲ. ಯಕ್ಷಗಾನದ ಪಾರ್ತಿಸುಬ್ಬನ ಊರು ನಮ್ಮ ಕುಂಬಳೆ. ಶೇಣಿ ಗೋಪಾಲಕೃಷ್ಣ ಭಟ್ಟರು ಅರ್ಥ ಹೇಳಿದ ತಾಳಮದ್ದಳೆಗಳನ್ನು ರಾತ್ರಿಯಿಡೀ ಕೂತು ಕೇಳಿದ ಊರಿದು. ಅರ್ಥಧಾರಿ ಬರೆದಿಟ್ಟ ಸಂಭಾಷಣೆಯನ್ನು ಒಪ್ಪಿಸುತ್ತಾನೆಯೇ? ಪದ್ಯ ಗೊತ್ತು, ಕಥೆ ಗೊತ್ತು, ಪಾತ್ರದ ಮನಸ್ಸು ಗೊತ್ತು. ಉಳಿದದ್ದು ಆ ರಾತ್ರಿ, ಆ ಎದುರಾಳಿಯ ಮುಂದೆ, ಅವನದೇ ಮಾತು. ಎದುರಿನವನು ಅನಿರೀಕ್ಷಿತ ಪ್ರಶ್ನೆ ಎಸೆದರೆ ಬಾಯಿಪಾಠದವನು ಅಲ್ಲೇ ಮುಗಿದ. ಕೇಸು ಕೊಟ್ಟು "ಇವನ ವರ್ತನೆಯನ್ನು ವಿವರಿಸಿ" ಎಂದು ಪರೀಕ್ಷೆಯಲ್ಲಿ ಕೇಳುವುದೂ ಅಂಥ ಪ್ರಶ್ನೆಯೇ. ನಮ್ಮ ಮಕ್ಕಳು ಪ್ರಸಂಗ ತಿಳಿದು ಅರ್ಥ ಹೇಳುವವರಾಗಬೇಕು.

ಕೊನೆಯ ತಿಂಗಳು ಇಂಗ್ಲಿಷ್. ಉದ್ದ ವಾಕ್ಯ ಬೇಡ. ಒಂದು ವಾಕ್ಯದಲ್ಲಿ ಅದು ಏನು, ಇನ್ನೊಂದರಲ್ಲಿ ಹೇಗೆ ನಡೆಯುತ್ತದೆ, ಮೂರನೆಯದರಲ್ಲಿ ತನ್ನ ಉದಾಹರಣೆ. ಹಟ್ಟಿ, ಹೊಗೆ, ಸೊಳ್ಳೆ ಇವನ್ನು ಇಂಗ್ಲಿಷಿನಲ್ಲಿ ಬರೆಯಲು ಹೆಚ್ಚು ಪಾಂಡಿತ್ಯ ಬೇಡ. ಅರವತ್ತು ಅಂಕದ ಆ ಪರೀಕ್ಷೆಯ ಮೊದಲು ಹದಿನೈದು ನಿಮಿಷ ಕೂಲ್ ಆಫ್ ಟೈಮ್ ಇದೆಯಲ್ಲ, ಪ್ರಶ್ನೆ ಓದಿ ಉತ್ತರ ಯೋಚಿಸಿಕೊಳ್ಳಲೆಂದು ಕೊಟ್ಟದ್ದು? ನಮ್ಮ ಮಕ್ಕಳು ಆ ಹದಿನೈದು ನಿಮಿಷ ಬಾಯಿಪಾಠ ಮಾಡಿದ ಸಾಲು ಮರೆತುಹೋಗದ ಹಾಗೆ ತುಟಿ ಅಲ್ಲಾಡಿಸುತ್ತ ಕೂರುತ್ತಾರೆ. ಅದನ್ನು ಬಿಡಿಸಿ. ಪ್ರಶ್ನೆಯನ್ನು ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿ, ಇದು ಯಾವುದರ ಬಗ್ಗೆ ಕೇಳುತ್ತಿದೆ, ನನ್ನ ಮೂರನೆಯ ಕಲಮಿನ ಯಾವ ಉದಾಹರಣೆ ಇಲ್ಲಿ ಕೂರುತ್ತದೆ ಎಂದು ಯೋಚಿಸಲು ಅಭ್ಯಾಸ ಮಾಡಿಸಿ. ಮನಸ್ಸಿನೊಳಗೆ ಯಾವ ಭಾಷೆಯಲ್ಲಿ ಯೋಚಿಸಬೇಕೆಂದು ಹೇಳುವ ಇನ್ವಿಜಿಲೇಟರ್ ಇನ್ನೂ ಹುಟ್ಟಿಲ್ಲ.

ಇಷ್ಟಕ್ಕೆ ಇದನ್ನು ಮಾರ್ಕಿನ ಮಾತು ಎಂದುಕೊಂಡು ನೀವು ಪುಟ ಮುಚ್ಚಿದರೆ ನಾವು ಸೋತಂತೆ. ಮಾರ್ಕಿಗಿಂತ ದೊಡ್ಡದೊಂದು ಇದೆ.

ಮಾನಸಿಕ ಅಸ್ವಸ್ಥತೆಗಳ ಅಧ್ಯಾಯ ಮುಗಿಸಿದ ಒಂದು ಸಂಜೆ, ಬೇರೆಯವರೆಲ್ಲ ಹೋದ ಮೇಲೆ ಒಬ್ಬ ಹುಡುಗ ಉಳಿದ. ಚಪ್ಪಲಿ ಹಾಕಿದ, ತೆಗೆದ. ಕೊನೆಗೆ, "ಸರ್, ಇಲ್ಲದ ಧ್ವನಿ ಕೇಳುವುದು ಅಂತ ಹೇಳಿದಿರಲ್ಲ... ನನ್ನ ಮಾವನಿಗೆ ಹಾಗೆಯೇ ಉಂಟು. ಮನೆಯಲ್ಲಿ ಎಲ್ಲರೂ ಮರುಳು ಅಂತ ಹೇಳ್ತಾರೆ. ಮಂತ್ರವಾದಿಯ ಹತ್ತಿರ ಎರಡು ಸಲ ಕರೆದುಕೊಂಡು ಹೋದರು. ಅದಕ್ಕೆ ಮದ್ದು ಉಂಟಾ?" ಎಂದ. ಅವನ ನೋಟ್ಸಿನಲ್ಲಿ ಅದೇ ಲಕ್ಷಣ ಇಂಗ್ಲಿಷಿನಲ್ಲಿ ಎರಡನೆಯ ಸಾಲಿನಲ್ಲಿತ್ತು. ನಕ್ಷತ್ರ ಹಾಕಿ 'ಇಂಪಾರ್ಟೆಂಟ್' ಎಂದು ಗುರುತಿತ್ತು. ಅದನ್ನು ಅವನು ಎಷ್ಟೋ ಸಲ ಒಪ್ಪಿಸಿದ್ದ. ಆ ಪದ ತನ್ನ ಮನೆಯ ಚಾವಡಿಯಲ್ಲೇ ಕೂತಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ರೋಗ ನಿರ್ಣಯ ನಮ್ಮ ಕೆಲಸವೂ ಅಲ್ಲ, ಅವನದೂ ಅಲ್ಲ, ಅದನ್ನು ಮಾಡಬೇಕಾದವರು ಡಾಕ್ಟರು ಎಂದು ಹೇಳಿದೆವು. ಮದ್ದು ಉಂಟು, ಸರಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಬಹುದು, 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆ ಮಾವನ ಹಕ್ಕು, ಯಾರ ದಾಕ್ಷಿಣ್ಯವೂ ಅಲ್ಲ ಎಂದೂ ಹೇಳಿದೆವು. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ನಂಬರು ಬರೆದುಕೊಟ್ಟೆವು. ಅವನು ಹೋದ ಮೇಲೆ ನಾವು ಬಹಳ ಹೊತ್ತು ಮಾತಾಡಲಿಲ್ಲ. ಈ ಪಾಠ ಈ ಮಕ್ಕಳಿಗೆ ಯಾಕೆ ಇದೆ ಎಂದು ಆ ಸಂಜೆ ನಮಗೇ ಮತ್ತೊಮ್ಮೆ ಅರ್ಥವಾಯಿತು. ಖಿನ್ನತೆಯ ಲಕ್ಷಣಗಳನ್ನು ಇಂಗ್ಲಿಷಿನಲ್ಲಿ ಒಪ್ಪಿಸಿ ಪೂರ್ತಿ ಅಂಕ ತಂದ ಮಗು, ಅದೇ ಲಕ್ಷಣ ತನ್ನ ಅಕ್ಕನಲ್ಲಿ ಕಂಡಾಗ "ಅವಳಿಗೆ ಉದಾಸೀನ" ಎಂದು ಬಿಟ್ಟುಬಿಟ್ಟರೆ ಆ ಅಂಕ ಯಾರಿಗೆ ಬೇಕು?

ಇನ್ನೊಂದು ಇದೆ. 1967ರಲ್ಲಿ ಸೆಲಿಗ್‌ಮನ್ ಮತ್ತು ಮೇಯರ್ ನಾಯಿಗಳ ಮೇಲೆ ಮಾಡಿದ ಪ್ರಯೋಗ ಪ್ರಸಿದ್ಧ. ಏನು ಮಾಡಿದರೂ ತಪ್ಪಿಸಿಕೊಳ್ಳಲಾಗದ ಶಾಕ್ ತಿಂದ ನಾಯಿಗಳು, ಆಮೇಲೆ ತಪ್ಪಿಸಿಕೊಳ್ಳಲು ದಾರಿ ಇದ್ದಾಗಲೂ ಬಿದ್ದುಕೊಂಡೇ ಇದ್ದವು. ಅವು ಅಸಹಾಯಕತೆಯನ್ನು ಕಲಿತವು ಎಂದು ಅಂದು ಬರೆದರು. "ನಮಗೆ ಇಂಗ್ಲಿಷ್ ಬರುವುದಿಲ್ಲ ಸರ್, ನಾವು ಕನ್ನಡ ಮೀಡಿಯಂ" ಎಂದು ತಲೆ ತಗ್ಗಿಸುವ ಮಕ್ಕಳನ್ನು ನೋಡಿದಾಗಲೆಲ್ಲ ಆ ಪ್ರಯೋಗ ನೆನಪಾಗುತ್ತದೆ. ಆದರೆ ಕಥೆ ಅಲ್ಲಿಗೇ ನಿಲ್ಲಲಿಲ್ಲ. ಸುಮಾರು ಐವತ್ತು ವರ್ಷದ ಮೇಲೆ, 2016ರಲ್ಲಿ, ಅದೇ ಇಬ್ಬರು ತಮ್ಮ ಹಳೆಯ ಮಾತನ್ನು ತಾವೇ ತಿದ್ದಿದರು. ಮಿದುಳಿನ ಸಂಶೋಧನೆ ನೋಡಿದರೆ ತತ್ತರಿಸಿ ಬಿದ್ದುಕೊಳ್ಳುವುದು ಕಲಿತದ್ದಲ್ಲ, ದೀರ್ಘ ಕಷ್ಟಕ್ಕೆ ಅದು ಸಹಜ ಪ್ರತಿಕ್ರಿಯೆ. ಕಲಿಯಬೇಕಾದ್ದು 'ಇದು ನನ್ನ ಕೈಯಲ್ಲಿದೆ' ಎಂಬುದನ್ನು ಎಂದರು. ಎಂಥ ಮಾತು ನೋಡಿ! ಕೈಯಲ್ಲಿದೆ ಎಂಬುದನ್ನು ಮಗು ಅನುಭವದಿಂದಲೇ ಕಲಿಯಬೇಕು. ಉಪದೇಶದಿಂದ ಅದು ಬರುವುದಿಲ್ಲ. ಆ ಹುಡುಗಿಯ "ಇಷ್ಟೆಯಾ?" ಎಂಬುದು ಅಂಥ ಒಂದು ಅನುಭವ. ದಿನಕ್ಕೊಂದು "ಇಷ್ಟೆಯಾ" ಸಿಕ್ಕಿದರೆ ನಮ್ಮ ಮಗು ಎದ್ದು ನಿಲ್ಲುತ್ತದೆ. ಬಾಯಿಪಾಠದಲ್ಲಿ ಅದು ಒಂದೂ ಸಿಗುವುದಿಲ್ಲ.

ಆದ್ದರಿಂದ ಹೆತ್ತವರಲ್ಲಿ ನಮ್ಮ ವಿನಂತಿ: "ಎಷ್ಟು ಪುಟ ಓದಿದೆ" ಎಂದು ಕೇಳುವುದನ್ನು ನಿಲ್ಲಿಸಿ, "ಇವತ್ತು ಓದಿದ್ದನ್ನು ನನಗೆ ಅರ್ಥವಾಗುವ ಹಾಗೆ ಹೇಳು" ಎಂದು ಕೇಳಿ. ನಿಮಗೆ ಇಂಗ್ಲಿಷ್ ಬಾರದಿದ್ದರೆ ಒಳ್ಳೆಯದೇ ಆಯಿತು, ಮಗು ಕನ್ನಡದಲ್ಲೋ ತುಳುವಿನಲ್ಲೋ ಹೇಳಲೇಬೇಕಾಗುತ್ತದೆ. ಬೀಡಿ ಕಟ್ಟುತ್ತ, ಅಡಿಕೆ ಸುಲಿಯುತ್ತ ಕೇಳಿದರೂ ಸಾಕು. ಸಹೋದ್ಯೋಗಿಗಳಲ್ಲಿ ವಿನಂತಿ: ಹತ್ತನೆಯ ಕ್ಲಾಸಿನ ಟಿಸಿ ಕೊಟ್ಟ ದಿನ ನಮ್ಮ ಋಣ ಮುಗಿಯಿತೆಂದುಕೊಳ್ಳಬೇಡಿ. ವಾರಕ್ಕೊಂದು ಸಂಜೆ ಜಗಲಿ ತೆರೆದಿಡಿ. ಟ್ಯೂಷನಿನವರಲ್ಲಿ ವಿನಂತಿ ಇಲ್ಲ, ಸವಾಲು ಇದೆ: ಒಂದು ದಿನ ನೋಟ್ಸು ಕೊಡದೆ ಪಾಠ ಮಾಡಿ ನೋಡಿ.

ಮಕ್ಕಳೇ, ನಿಮಗೆ ಹೇಳುವುದು ಒಂದೇ. ಕನ್ನಡದಲ್ಲಿ ಕಲಿತದ್ದು ನಿಮ್ಮ ತಲೆಯ ಮೇಲಿನ ಹೊರೆಯಲ್ಲ, ಕಾಲ ಕೆಳಗಿನ ನೆಲ. ಅದರ ಮೇಲೆ ನಿಂತು ಇಂಗ್ಲಿಷಿಗೆ ಕೈ ಚಾಚಿ, ಎಟುಕುತ್ತದೆ.

ಈ ಮಾರ್ಚಿನಲ್ಲೂ ನಮ್ಮ ಜಗಲಿ ತೆರೆದಿರುತ್ತದೆ. ಬನ್ನಿ. ಜೆರಾಕ್ಸ್ ಮನೆಯಲ್ಲಿಟ್ಟು ಬನ್ನಿ.